ಬೆನ್ನೆಲುಬಿನ ಕಟ್ಟುಗಳು: ಒಂದು ಪದವಿಚಾರ, ಒಂದು ದೇಹವಿಚಾರ



ಅರ್ಥವ್ಯತ್ಯಾಸದ ಪಾಠದಲ್ಲಿ ನಾನು ‘ಸ್ನಾಯು’ ಪದವನ್ನು ಉದಾಹರಿಸುವುದುಂಟು. ಇಂದಿನ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದರ ಅರ್ಥ ಮಾಂಸಖಂಡ. ಸುಶ್ರುತಸಂಹಿತೆಯಲ್ಲಾದರೋ ಮಾಂಸಖಂಡಕ್ಕೆ ‘ಪೇಶಿ’ ಎಂಬ ಬೇರೆ ಹೆಸರಿದೆ. ಅಲ್ಲಿ ಸ್ನಾಯುವೆಂದರೆ ದೇಹದ ಸಂಧಿಗಳನ್ನು ಬಿಗಿದಿಡುವ ಕಟ್ಟು. ಅನೇಕ ಬಂಧನಗಳಿಂದ ಬಿಗಿದ ಹಲಗೆಗಳ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿಂದಾಗಿ ಮನುಷ್ಯನು ಭಾರ ತಾಳುತ್ತಾನೆಂಬುದು ಆ ಗ್ರಂಥದ ಉಪಮೆ. ಎಲುಬಿನ ಪೆಟ್ಟಿಗಿಂತ ಸ್ನಾಯುವಿನ ಪೆಟ್ಟು ಘಾತಕವೆಂದೂ ಅದು ಎಚ್ಚರಿಸುತ್ತದೆ. ಈ ಹಳೆಯ ಅರ್ಥವನ್ನು ಈಗ ಕನ್ನಡದಲ್ಲಿ ‘ಅಸ್ಥಿರಜ್ಜು’, ಮರಾಠಿಯಲ್ಲಿ ‘ಅಸ್ಥಿಬಂಧ’ ಎಂಬ ಪದಗಳು ವಹಿಸಿಕೊಂಡಿವೆ.

ದೋಣಿಯ ಉಪಮೆ ಬೆನ್ನಿಗೆ ಚೆನ್ನಾಗಿ ಒಪ್ಪುತ್ತದೆ. ಬೆನ್ನೆಲುಬಿನಲ್ಲಿ ಕುತ್ತಿಗೆಯ 7, ಎದೆಯ 12, ಸೊಂಟದ 5 ಮಣಿಗಳು ಬಿಡಿಬಿಡಿಯಾಗಿವೆ. ಅವುಗಳ ಕೆಳಗಿನವು ಕೂಡಿಕೊಂಡಿವೆ. ಮಣಿಗಳ ಮುಂಭಾಗದಲ್ಲಿ ಇಳಿಯುವ ಉದ್ದನೆಯ ರಜ್ಜು ನಾವು ಅತಿಯಾಗಿ ಹಿಂದಕ್ಕೆ ಬಾಗದಂತೆ ತಡೆಯುತ್ತದೆ. ಹಿಂಬದಿಯದು ಅತಿಯಾಗಿ ಮುಂದಕ್ಕೆ ಬಾಗದಂತೆ ತಡೆಯುತ್ತದೆ. ಹಿಂದಿನ ಕಮಾನುಗಳನ್ನು ಜೋಡಿಸುವ ಹಳದಿ ರಜ್ಜು ರಬ್ಬರಿನಂತೆ ಹಿಗ್ಗಿ, ಬಾಗಿದವನು ಮತ್ತೆ ನೆಟ್ಟಗಾಗಲು ನೆರವಾಗುತ್ತದೆ. ಕುತ್ತಿಗೆಯ ಎರಡನೆಯ ಮಣಿಯ ಹಲ್ಲಿನಂತಹ ಚಾಚನ್ನು ಒಂದು ಅಡ್ಡರಜ್ಜು ಸ್ಥಾನದಲ್ಲಿ ಹಿಡಿದಿದೆ. ಅದು ಹರಿದರೆ ಬೆನ್ನುಹುರಿಗೇ ಅಪಾಯ.

ಭಾರವಾದ ಚೀಲವನ್ನು ಸೊಂಟ ತಿರುಚಿ ಎತ್ತಿದಾಗ ರಜ್ಜು ಹಿಗ್ಗಿ, ಅದರ ಕೆಲವು ಎಳೆಗಳು ಹರಿಯಬಹುದು. ಇದೇ ಉಳುಕು. ಇದಕ್ಕೆ ಒಂದೆರಡು ದಿನ ಭಾರದ ಕೆಲಸ ಬಿಡುವುದು, ಶಾಖ ಅಥವಾ ತಂಪು, ವೈದ್ಯರು ಹೇಳಿದ ನೋವಿನ ಮಾತ್ರೆ, ಬಳಿಕ ವ್ಯಾಯಾಮಚಿಕಿತ್ಸೆ ಸಾಮಾನ್ಯವಾಗಿ ಸಾಕು. ವಾರಗಟ್ಟಲೆ ಮಲಗಿರುವುದರಿಂದ ಹಾನಿಯೇ ಹೆಚ್ಚು. ಬೆನ್ನಿನ ಮಾಂಸಖಂಡಗಳು ಸೊರಗುತ್ತವೆ. ಅಪಘಾತದ ಪೆಟ್ಟು ಬೇರೆ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ರಜ್ಜು ಕಾಣುವುದಿಲ್ಲ, ಅದಕ್ಕೆ ಎಂ.ಆರ್.ಐ. ಬೇಕು. ಪೆಟ್ಟಿನ ತೀವ್ರತೆಗೆ ತಕ್ಕಂತೆ ಕುತ್ತಿಗೆಪಟ್ಟಿ ಅಥವಾ ಬೆನ್ನುಪಟ್ಟಿ ಕಟ್ಟುತ್ತಾರೆ. ಕಟ್ಟುಗಳು ಪೂರ್ತಿ ಹರಿದು ಮಣಿಗಳು ಅಲುಗಾಡುತ್ತಿದ್ದರೆ, ಸ್ಕ್ರೂ ಮತ್ತು ಸರಳುಗಳಿಂದ ಅವನ್ನು ಬಿಗಿದು, ಎಲುಬಿನ ಕಸಿಯಿಂದ ಬೆಸೆಯುತ್ತಾರೆ. ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮುಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡಮಾಡಬಾರದು.

ನಮ್ಮ ಸೀಮೆಯಲ್ಲಿ ಇವೆಲ್ಲವನ್ನೂ ‘ನರ ಹೊರಳಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ, ತಿಕ್ಕಿಸಿಕೊಳ್ಳಲು ಹೋಗುತ್ತೇವೆ. ನರ ಬೇರೆ, ರಜ್ಜು ಬೇರೆ, ಬೆನ್ನುಹುರಿ ಬೇರೆ. ಹೆಸರು ತಪ್ಪಿದಲ್ಲಿ ಉಪಚಾರವೂ ತಪ್ಪುತ್ತದೆ.

ಇದನ್ನು ನಾನು ತಡವಾಗಿ ಕಲಿತವನು. ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆಯ ರಸ್ತೆಯಲ್ಲಿ ಬೈಕಿನಿಂದ ಬಿದ್ದ ತರುಣನೊಬ್ಬನನ್ನು ನಾವು ನಾಲ್ವರು ತೋಳು ಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಕೂರಿಸಿದೆವು. ಅವನ ಕುತ್ತಿಗೆಯ ಕಟ್ಟು ಹರಿದಿರಲಿಲ್ಲ. ಅದು ಅವನ ಪುಣ್ಯ, ನಮ್ಮ ಜಾಣತನವಲ್ಲ. ಹಾಗೆ ಬಿದ್ದವರನ್ನು ಕಂಡರೆ, ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಿದ್ದಲ್ಲಿ, ಎಬ್ಬಿಸಬೇಡಿ. ತಲೆ ಕುತ್ತಿಗೆಗಳನ್ನು ಅಲುಗದಂತೆ ಹಿಡಿದು, ಉಸಿರಾಟವನ್ನು ಗಮನಿಸುತ್ತ, 108ಕ್ಕೆ ಕರೆಮಾಡಿ. ಪದದ ಅರ್ಥ ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋದೀತು. ಇಲ್ಲಿ ಒಬ್ಬನ ನಡಿಗೆಯೇ ಹೋಗಬಹುದು.