ಹಳೆಯ ಲಾರಿಯ ಮೈತುಕ್ಕಿನ ದುರಸ್ತಿ
(ಹೊಸದಾಗಿ ಬೆಸುಗೆ ಕಲಿತಿರುವ ಜಮೀನುದಾರರಿಗೆ ಕೆಲವು ಸೂಚನೆಗಳು)

ಈಗಿನ ಕಾಲದಲ್ಲಿ ದೊಡ್ಡ ಹಿಡುವಳಿಯುಳ್ಳ ಅನೇಕ ಬೇಸಾಯಗಾರರ ಮನೆಗಳಲ್ಲಿ ಹಳೆಯ ಲಾರಿಯಾಗಲಿ ಟ್ರ್ಯಾಕ್ಟರಿನ ಟ್ರೇಲರಾಗಲಿ ಇರುತ್ತದೆ. ಕೆಲವರು ಬೆಸುಗೆಯ ಸಣ್ಣ ಯಂತ್ರವನ್ನೂ ಕೊಂಡು, ಗೇಟು, ಕುಂಟೆ, ನೇಗಿಲು ಮೊದಲಾದುವನ್ನು ತಾವೇ ಸರಿಮಾಡಿಕೊಳ್ಳುತ್ತಿರುವುದು ಸಂತೋಷದ ವಿಷಯವಾಗಿದೆ. ಆದರೆ ಗೇಟಿಗೆ ಬೆಸುಗೆ ಹಾಕಿದ ಧೈರ್ಯದಿಂದಲೇ ಲಾರಿಯ ತುಕ್ಕಿಗೆ ಕೈಹಾಕುವುದು ಉಚಿತವಲ್ಲ. ಇದನ್ನು ನಾನು ಸ್ವಂತ ತಪ್ಪಿನಿಂದ ಕಲಿತವನಾದುದರಿಂದ ಮೊದಲು ಅದನ್ನೇ ಅರಿಕೆಮಾಡುತ್ತೇನೆ.

ನಮ್ಮ ಮನೆಯ ಹಳೆಯ ಲಾರಿಯ ನೆಲದ ತಗಡು ತುಕ್ಕುಹಿಡಿದು ಅಲ್ಲಲ್ಲಿ ತೂತಾಗಿತ್ತು. ನಾನು ಅದರ ಮೇಲೆಯೇ ಹೊಸ ತಗಡನ್ನು ಹಾಸಿ, ಸುತ್ತಲೂ ಬೆಸುಗೆ ಹಾಕಿ, ಬಣ್ಣ ಬಳಿದೆನು. ನೋಡಿದವರೆಲ್ಲರೂ ಮೆಚ್ಚಿದರು. ಎರಡು ಮಳೆಗಾಲಗಳು ಕಳೆದ ಮೇಲೆ, ಒಂದು ದಿನ ಜೋಳದ ಮೂಟೆಯನ್ನು ಹೊತ್ತು ಲಾರಿ ಹತ್ತಿದ ಆಳಿನ ಕಾಲು ಆ ತಗಡಿನೊಡನೆಯೇ ಮೊಣಕಾಲಿನವರೆಗೆ ಕೆಳಕ್ಕೆ ಕುಸಿಯಿತು. ಗಾಯ ಮಾಯುವವರೆಗೆ ಮೂರು ವಾರ ಆತನು ಕೂಲಿಗೆ ಹೋಗಲಾರದೆ ಹೋದನು. ತಗಡನ್ನು ಕಿತ್ತು ನೋಡಿದಾಗ, ಹೊಸ ತಗಡಿಗೂ ಹಳೆಯದಕ್ಕೂ ನಡುವೆ ನೀರು ನಿಂತು, ಬೆಸುಗೆಯ ಅಂಚೆಲ್ಲವೂ ಪುಡಿಯಾಗಿತ್ತು. ಆತನ ಕೂಲಿಯನ್ನೂ ಔಷಧದ ಖರ್ಚನ್ನೂ ಕೊಟ್ಟೆನು. ಆದರೆ ಆ ನಾಚಿಕೆಯನ್ನು ಮರೆತಿಲ್ಲ.

೧. ತುಕ್ಕಿನ ಕಾರಣ.— ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿ ತಗಲಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದು ಬೇಗನೆ ಬೆಳೆಯುತ್ತದೆ. ಬೇಸಾಯಗಾರರ ಲಾರಿಯಲ್ಲಿ ಹಸಿ ಗೊಬ್ಬರ, ಮರಳು, ಪೊಟ್ಯಾಷ್ ಮೊದಲಾದ ರಾಸಾಯನಿಕ ಗೊಬ್ಬರ, ಕಬ್ಬು ಇವುಗಳನ್ನು ಸಾಗಿಸುವುದರಿಂದ, ಮೂಲೆಗಳಲ್ಲಿ ಉಳಿದ ಕಸವು ತೇವವನ್ನು ಹಿಡಿದುಕೊಂಡು ತಗಡನ್ನು ತಿನ್ನುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚಾದ ಸ್ಥಳವನ್ನು ಆಕ್ರಮಿಸುವುದರಿಂದ, ಒಂದರ ಮೇಲೊಂದು ಕೂಡಿದ ತಗಡುಗಳ ಸಂದಿನಲ್ಲಿ ಉಬ್ಬಿ ಅವನ್ನು ಬೇರೆಮಾಡುತ್ತದೆ. ಮೇಲೆ ಕಾಣುವ ಸಣ್ಣ ಗುಳ್ಳೆಯ ಕೆಳಗೆ ಅಂಗೈಯಗಲ ತಗಡು ಸತ್ತಿರುವುದುಂಟು.

೨. ಪರೀಕ್ಷೆ.— ಮೊದಲು ಮೈಯನ್ನೆಲ್ಲಾ ತೊಳೆದು ಒಣಗಿಸಬೇಕು. ಅನಂತರ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗತಕ್ಕದ್ದು. ಗಟ್ಟಿ ತಗಡು ಖಣಿಲೆಂದು ನುಡಿಯುತ್ತದೆ. ಸತ್ತ ತಗಡು ಮಂದವಾಗಿ ಸದ್ದುಮಾಡುತ್ತದೆ, ಇಲ್ಲವೆ ಉಳಿಯ ಮೊನೆಗೆ ಬಗ್ಗುತ್ತದೆ. ಸಂದೇಹವಿದ್ದ ಕಡೆಗಳಲ್ಲೆಲ್ಲಾ ಸೀಮೆಸುಣ್ಣದಿಂದ ಗುರುತು ಹಾಕಬೇಕು.

೩. ಎಚ್ಚರಿಕೆಗಳು.— ಬ್ಯಾಟರಿಯ ತಂತಿಗಳನ್ನು ಬಿಚ್ಚಿಡಬೇಕು. ಯಂತ್ರದ ಅರ್ಥ್ ಹಿಡಿಕೆಯನ್ನು ಬೆಸುಗೆಯ ಸಮೀಪದಲ್ಲಿಯೇ ಬಿಳಿಯ ಲೋಹಕ್ಕೆ ಕಚ್ಚಿಸಬೇಕು. ತೇವದ ನೆಲದ ಮೇಲೆ ನಿಂತು ಈ ಕೆಲಸ ಮಾಡಲೇಬಾರದು. ಹುಲ್ಲಿನ ಬಣವೆ, ರವದಿ, ಗೋಣಿಗಳಿಂದ ದೂರದಲ್ಲಿ ಲಾರಿಯನ್ನು ನಿಲ್ಲಿಸಿ, ನೀರನ್ನೂ ಮರಳನ್ನೂ ಕೈಗೆ ಸಿಕ್ಕುವಂತೆ ಇಟ್ಟುಕೊಂಡು, ಕೆಲಸ ಮುಗಿದ ಮೇಲೆಯೂ ಅರ್ಧ ಗಂಟೆ ಕಾದು ನೋಡಬೇಕು. ಕಪ್ಪು ಗಾಜಿನ ಮುಖಕವಚವಿಲ್ಲದೆ ಆ ಬೆಳಕನ್ನು ನೋಡಿದವರಿಗೆ ರಾತ್ರಿ ಕಣ್ಣಿನಲ್ಲಿ ಮರಳು ಸುರಿದಂತೆ ಉರಿಯುತ್ತದೆ. ಮಕ್ಕಳನ್ನು ಹತ್ತಿರ ಸೇರಿಸಬಾರದು. ಹತ್ತಿಯ ಬಟ್ಟೆಯನ್ನೂ ಚರ್ಮದ ಪಾದರಕ್ಷೆಯನ್ನೂ ಧರಿಸತಕ್ಕದ್ದು. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ.

೪. ಕತ್ತರಿಸುವುದು.— ತೆಂಗಿನ ಮರಕ್ಕೆ ಕಾಂಡದಿಂದ ರಸ ಸೋರುವ ರೋಗ ತಗಲಿದಾಗ, ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ, ಆರೋಗ್ಯವಾದ ಭಾಗ ಕಂಡ ಮೇಲೆಯೇ ಬೋರ್ಡೋ ಮುಲಾಮನ್ನು ಹಚ್ಚುವುದನ್ನು ತಾವೆಲ್ಲರೂ ಬಲ್ಲಿರಿ. ತುಕ್ಕಿನ ಚಿಕಿತ್ಸೆಯೂ ಇದೇ ವಿಧವಾದುದು. ಗುರುತಿನಿಂದ ಒಂದು ಅಂಗುಲ ಆಚೆಗೆ, ಗಟ್ಟಿ ಲೋಹ ಸಿಕ್ಕುವವರೆಗೆ ಗ್ರೈಂಡರಿನಿಂದ ಕತ್ತರಿಸಿ ತೆಗೆಯಬೇಕು. ಮೂಲೆಗಳನ್ನು ದುಂಡಗೆ ಬಿಟ್ಟರೆ ಮುಂದೆ ಸೀಳುವುದು ಕಡಿಮೆ. ಅಂಚನ್ನು ಬಣ್ಣವೂ ತುಕ್ಕೂ ಇಲ್ಲದಂತೆ ಬೆಳ್ಳಗೆ ಉಜ್ಜಬೇಕು. ಕೊಳೆತ ಗೋಣಿಗೆ ಹೊಲಿಗೆ ನಿಲ್ಲದಿರುವಂತೆ, ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ.

೫. ಬೆಸುಗೆ.— ಹಳೆಯ ತಗಡಿನಷ್ಟೇ ದಪ್ಪವಾದ ತಗಡಿನಿಂದ ತೇಪೆಯನ್ನು ಕತ್ತರಿಸಿಕೊಳ್ಳಬೇಕು. ಸತುವು ಲೇಪಿಸಿದ ತಗಡನ್ನು ಉಪಯೋಗಿಸಬಾರದು. ಅದರ ಹೊಗೆಯನ್ನು ಸೇವಿಸಿದವರಿಗೆ ಚಳಿಜ್ವರ ಬರುತ್ತದೆ. ನೆಲದ ತಗಡು ೩ ಮಿಲಿಮೀಟರು ದಪ್ಪವಿದ್ದಲ್ಲಿ ೨.೫ ಮಿಲಿಮೀಟರಿನ ಕಡ್ಡಿಯನ್ನು ೬೦ರಿಂದ ೯೦ ಆಂಪಿಯರುಗಳವರೆಗೆ ಇಟ್ಟು, ಮೊದಲು ಅದೇ ದಪ್ಪದ ಚೂರಿನ ಮೇಲೆ ಪರೀಕ್ಷಿಸಬೇಕು. ತೇಪೆಯನ್ನು ಕೂರಿಸಿ ಎರಡೆರಡು ಅಂಗುಲಕ್ಕೆ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಅನಂತರ ಒಂದು ಅಂಗುಲ ಇಲ್ಲಿ, ಒಂದು ಅಂಗುಲ ಎದುರಿನಲ್ಲಿ ಎಂಬಂತೆ ಮುಂದುವರಿಸತಕ್ಕದ್ದು. ಒಂದೇ ಸಮನೆ ಎಳೆದರೆ ತಗಡು ಕಾದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಚಾಲಕನ ಕೋಣೆಯ ತಗಡು ಸುಮಾರು ೧ ಮಿಲಿಮೀಟರಿನಷ್ಟೇ ಇರುವುದರಿಂದ, ಕಡ್ಡಿಯ ಬೆಸುಗೆಗೆ ಸುಲಭವಾಗಿ ತೂತು ಬೀಳುತ್ತದೆ. ಅಂಥ ಕೆಲಸಕ್ಕೆ ಸಣ್ಣ ತಂತಿಯಿಂದ ಬೆಸೆಯುವ ಮಿಗ್ ಯಂತ್ರವೇ ಮೇಲು.

೬. ಬೆಸುಗೆಯ ನಂತರ.— ಕಿಟ್ಟವನ್ನು ಕುಟ್ಟಿ ತೆಗೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಅದೇ ದಿನ ಮೇಲೂ ಕೆಳಗೂ ರೆಡ್ ಆಕ್ಸೈಡನ್ನು ಎರಡು ಸಾರಿ ಬಳಿಯಬೇಕು. ಒಣಗಿದ ಮೇಲೆ ಬಣ್ಣ. ಒಂದು ರಾತ್ರಿಯ ಮಂಜಿಗೇ ಬರಿಯ ಲೋಹ ಕೆಂಪಾಗುತ್ತದೆ. ನೀರು ಹರಿದುಹೋಗುವ ತೂತುಗಳನ್ನು ಮುಚ್ಚದೆ ಬಿಡಿಸಿಡಬೇಕು. ಗೊಬ್ಬರ ಸಾಗಿಸಿದ ದಿನವೇ ಲಾರಿಯನ್ನು ತೊಳೆಯುವ ಪದ್ಧತಿಯನ್ನಿಟ್ಟುಕೊಂಡರೆ, ಈ ಲೇಖನದ ಅವಶ್ಯಕತೆಯೇ ಬಹುಮಟ್ಟಿಗೆ ತಪ್ಪುತ್ತದೆ.

೭. ಕೈಹಾಕಬಾರದ ಭಾಗಗಳು.— ಚಾಸಿ, ಅಚ್ಚು, ಸ್ಪ್ರಿಂಗಿನ ಆಧಾರಗಳು, ಟ್ರೇಲರಿನ ಕೊಂಡಿ, ಸ್ಟೀರಿಂಗು, ಬ್ರೇಕು ಇವುಗಳಲ್ಲಿ ತುಕ್ಕು ಕಂಡರೆ ಅನುಭವಸ್ಥ ಕೆಲಸಗಾರರಿಗೇ ಒಪ್ಪಿಸಬೇಕು. ಎಣ್ಣೆಯ ಟ್ಯಾಂಕು ಬರಿದಾಗಿದ್ದರೂ ಅದರೊಳಗೆ ಉಳಿದ ಆವಿ ಕಿಡಿ ತಗಲಿದೊಡನೆ ಸಿಡಿಯಬಹುದಾದುದರಿಂದ ಅದರ ಸಮೀಪಕ್ಕೂ ಬೆಸುಗೆಯನ್ನು ಒಯ್ಯಬಾರದು. ಬಾಡಿಗೆಗೆ ಓಡುವ ವಾಹನಗಳಿಗೆ ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ಮೇರೆಗೆ ಯೋಗ್ಯತಾ ಪತ್ರವಿರಬೇಕೆಂಬುದನ್ನೂ ಮರೆಯಬಾರದು.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಲಾರಿ ನಮ್ಮದಾದರೂ ಅದರ ಮೇಲೆ ನಿಂತು ಮೂಟೆ ಹೊರುವವರು ಬೇರೆಯವರು. ಬಣ್ಣ ಬಳಿದು ಮುಚ್ಚಿದ ತುಕ್ಕು ನಮ್ಮ ಕಣ್ಣಿಗೆ ಮರೆಯಾಗುವುದೇ ಹೊರತು ಅವರ ಕಾಲಿಗೆ ಮರೆಯಾಗುವುದಿಲ್ಲ. ಆದುದರಿಂದ ಸುಗ್ಗಿಗೆ ಮುಂಚೆ ತಮ್ಮ ಊರಿನ ಲಾರಿ, ಟ್ರೇಲರುಗಳ ನೆಲವನ್ನು ಸುತ್ತಿಗೆಯಿಂದ ಒಂದು ಸಾರಿ ತಟ್ಟಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.