ಆಜ್ಞೆ ಯಾವುದು, ಉತ್ತರ ಯಾವುದು?

ಬ್ಯಾಂಕಿನ ಚಲನ್ ತುಂಬುವ ಕ್ರಮವನ್ನು ತಿಳಿಸಲು ಕೌಂಟರಿನ ಬಳಿ ಮಾದರಿಯೊಂದನ್ನು ಅಂಟಿಸಿರುವುದುಂಟು. ಅದರಲ್ಲಿ ಅಚ್ಚಾದ ಅಕ್ಷರ ಬ್ಯಾಂಕಿನದು, ಕೈಬರಹ ಗ್ರಾಹಕನದು. ಭೇದವು ನೋಡಿದೊಡನೆಯೇ ತಿಳಿಯುತ್ತದೆ. ಕಂಪ್ಯೂಟರಿಗೆ ಬೆರಳಚ್ಚಿಸಿ ಕೊಡುವ ಆಜ್ಞೆಗಳ, ಅಂದರೆ ಕಮಾಂಡುಗಳ, ಕೈಪಿಡಿಯಲ್ಲಿ ಈ ಭೇದವು ತಾನಾಗಿ ತೋರದು, ಲೇಖಕನೇ ತೋರಿಸಬೇಕು. ನಮ್ಮ ಸಂಘದ ಅನೇಕ ಮನೆಗಳ ಮಕ್ಕಳು ಇಂತಹ ಕೈಪಿಡಿಗಳನ್ನು ಓದುವ, ಬರೆಯುವ ವೃತ್ತಿಯಲ್ಲಿರುವುದರಿಂದ ವಿಷಯವು ನಮಗೆ ದೂರದ್ದಲ್ಲ.

ಫ್ರೀ ಐಪಿಎ ಎಂಬ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ಒಂದು ಸಂಸ್ಥೆಯ ಸಿಬ್ಬಂದಿಯ ಹೆಸರು, ಗುಂಪು, ಗುಪ್ತಪದ, ಯಾರಿಗೆ ಯಾವ ಯಂತ್ರಕ್ಕೆ ಪ್ರವೇಶ ಎಂಬುದನ್ನೆಲ್ಲ ಒಂದೆಡೆ ನಿರ್ವಹಿಸುವ ತಂತ್ರಾಂಶವಿದು. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕರ್ಬರಾಸ್ ಇದರ ಒಂದು ಅಂಗ. (ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು, ಹೆಸರಿಟ್ಟವರು ರಸಿಕರು!) ಇಲ್ಲಿ ಒಂದು ತಪ್ಪು ಆಜ್ಞೆ ಒಬ್ಬನ ಕಡತವನ್ನಷ್ಟೇ ಕೆಡಿಸುವುದಿಲ್ಲ; ಇಡೀ ಕಛೇರಿಗೆ ಬಾಗಿಲು ಮುಚ್ಚಬಹುದು, ಅಥವಾ ಅನರ್ಹನಿಗೆ ತೆರೆಯಬಹುದು.

ಮೊದಲಿಗೆ ‘ಕೆಇನಿಟ್ ಅಡ್ಮಿನ್’ ಎಂದು ಬರೆದರೆ ಯಂತ್ರವು ಗುಪ್ತಪದ ಕೇಳುತ್ತದೆ. ಬಳಿಕ ‘ಐಪಿಎ ಯೂಸರ್-ಆಡ್’ ಎಂದರೆ ಹೊಸಬನ ಹೆಸರು, ಮನೆತನದ ಹೆಸರುಗಳನ್ನು ಒಂದೊಂದಾಗಿ ಕೇಳುತ್ತದೆ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಅಚ್ಚಿನಲ್ಲಿ ಮುದ್ರಿಸಿದರೆ ಹೊಸ ಓದುಗನು ಯಂತ್ರದ ಪ್ರಶ್ನೆಯನ್ನೂ ತಾನೇ ಬೆರಳಚ್ಚಿಸಿಯಾನು. ಆದುದರಿಂದ ಯೂನಿಕ್ಸ್ ಕೈಪಿಡಿಗಳ ಸಂಪ್ರದಾಯದಂತೆ, ಯಥಾವತ್ತಾಗಿ ಬರೆಯಬೇಕಾದುದನ್ನು ದಪ್ಪಕ್ಷರದಲ್ಲಿಯೂ ಓದುಗನು ಬದಲಿಸಬೇಕಾದುದನ್ನು ಓರೆ ಅಕ್ಷರದಲ್ಲಿಯೂ ಕೊಡುವುದು ಲೇಸು.

ಸಾಲಿನ ಆರಂಭದ ಚಿಹ್ನೆಗೂ ಅರ್ಥವುಂಟು. ಡಾಲರ್ ಚಿಹ್ನೆಯು ಸಾಮಾನ್ಯ ಬಳಕೆದಾರನನ್ನೂ ಹ್ಯಾಶ್ ಚಿಹ್ನೆಯು ಸರ್ವಾಧಿಕಾರವುಳ್ಳ ‘ರೂಟ್’ ಬಳಕೆದಾರನನ್ನೂ ಸೂಚಿಸುತ್ತದೆ. ಡಾಲರನ್ನೂ ಸೇರಿಸಿ ನಕಲಿಸಿದರೆ ‘ಇಂತಹ ಆಜ್ಞೆಯಿಲ್ಲ’ ಎಂದು ಯಂತ್ರ ಕೂಗುತ್ತದೆ, ಅದು ಸೌಖ್ಯ. ಹ್ಯಾಶ್ ಸೇರಿದರೆ ‘ಬ್ಯಾಷ್’ ಎಂಬ ಶೆಲ್ ಸಾಲನ್ನೆಲ್ಲ ಬರಿಯ ಟಿಪ್ಪಣಿಯೆಂದು ಬಗೆದು ಮೌನವಾಗಿರುತ್ತದೆ. ಯೂನಿಕ್ಸ್ ಲೋಕದಲ್ಲಿ ಕೆಲಸ ಕೈಗೂಡಿದಾಗಲೂ ಅನೇಕ ಆಜ್ಞೆಗಳು ಮೌನವಾಗಿಯೇ ಇರುವುದರಿಂದ, ಏನೂ ಆಗದಿದ್ದರೂ ಎಲ್ಲ ಆಯಿತೆಂದು ಓದುಗನು ಮುಂದೆ ಸಾಗುವ ಅಪಾಯವಿದೆ. ನಕಲಿಸುವ ಸಾಲಿನಲ್ಲಿ ಈ ಚಿಹ್ನೆ ಬಾರದಂತಿದ್ದು, ಯಾರ ಅಧಿಕಾರದಲ್ಲಿ ನಡೆಸಬೇಕೆಂಬುದನ್ನು ಮೇಲಿನ ವಾಕ್ಯದಲ್ಲಿ ಹೇಳುವುದೇ ಮೇಲೆಂದು ನನ್ನ ಮತ.

ಬದಲಿಸಬೇಕಾದ ಹೆಸರನ್ನು ಕೋನಾಕಾರದ ಆವರಣದಲ್ಲಿ ಬರೆಯುವ ರೂಢಿ ಹಲವರಿಗಿದೆ. ಶೆಲ್‌ಗೆ ಅವು ಆವರಣವಲ್ಲ: ಒಂದು ಕಡತದಿಂದ ಓದು, ಇನ್ನೊಂದು ಕಡತಕ್ಕೆ ಬರೆ ಎಂಬ ಅಪ್ಪಣೆಗಳು. ನಿಜವಾದ ಸಂಸ್ಥೆಯ ವಿಳಾಸವನ್ನಂತೂ ಉದಾಹರಣೆಗೆ ಬಳಸಲಾಗದು. ಇದಕ್ಕಾಗಿಯೇ 1999ರ ಆರ್‌ಎಫ್‌ಸಿ 2606 ‘ಎಕ್ಸಾಂಪಲ್ ಡಾಟ್ ಕಾಮ್’ ಮುಂತಾದ ಹೆಸರುಗಳನ್ನೂ, 2010ರ ಆರ್‌ಎಫ್‌ಸಿ 5737 192.0.2.0 ಮೊದಲಾದ ಅಂಕೆವಿಳಾಸಗಳ ಗುಂಪುಗಳನ್ನೂ ಮೀಸಲಿಟ್ಟಿವೆ. ಕರ್ಬರಾಸ್ ಕ್ಷೇತ್ರದ ಹೆಸರು ಮಾತ್ರ ರೂಢಿಯಂತೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿರಬೇಕು. ಅಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳು ಬೇರೆಬೇರೆ.

ಗುಪ್ತಪದವನ್ನು ಆಜ್ಞೆಯ ಸಾಲಿನಲ್ಲಿಯೇ ತೋರಿಸುವ ಉದಾಹರಣೆ ಎಲ್ಲಕ್ಕಿಂತ ಕೆಟ್ಟದು. ಹಾಗೆ ಬರೆದದ್ದು ಹಿಂದಿನ ಆಜ್ಞೆಗಳ ಪಟ್ಟಿಯಲ್ಲಿ ಉಳಿಯಬಹುದು. ಮಾದರಿಗೆಂದು ಕೊಟ್ಟ ಗುಪ್ತಪದವನ್ನೇ ಓದುಗನು ಇಟ್ಟುಕೊಳ್ಳಲೂಬಹುದು. ಯಂತ್ರವೇ ಕೇಳುವಂತಹ ವಿಧಾನವಿರುವಾಗ ಅದನ್ನೇ ತೋರಿಸಬೇಕು.

ಇನ್ನು ಬರಹ ಸಿದ್ಧಪಡಿಸುವ ತಂತ್ರಾಂಶದ ಅಲಂಕಾರಪ್ರೀತಿ. ಅದು ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಎರಡು ಅಡ್ಡಗೆರೆಗಳನ್ನು ಕೂಡಿಸಿ ಒಂದು ಉದ್ದಗೆರೆ ಮಾಡುತ್ತದೆ. ಪುಟ ಚೆಂದ, ಆಜ್ಞೆ ವ್ಯರ್ಥ. ಉದ್ದದ ಆಜ್ಞೆಯನ್ನು ಮುರಿಯಲು ಸಾಲಿನ ಕೊನೆಗೆ ಇಡುವ ಹಿನ್ನೋರೆಗೆರೆಯ ಬಳಿಕ ಒಂದು ಖಾಲಿ ಜಾಗ ಉಳಿದರೂ ಮುಂದಿನ ಸಾಲು ಬೇರೆಯಾಗಿಬಿಡುತ್ತದೆ, ಅದು ಕಣ್ಣಿಗೂ ಕಾಣದು. ಬ್ಯಾಂಕಿನಲ್ಲಿ ವೋಚರು ಬರೆದವನೇ ಅದನ್ನು ಪಾಸು ಮಾಡುವಂತಿಲ್ಲ. ಇಲ್ಲಿಯೂ ಬರೆಯದಿದ್ದ ಮತ್ತೊಬ್ಬನು, ಕೆಟ್ಟರೂ ನಷ್ಟವಿಲ್ಲದ ಪರೀಕ್ಷಾ ಯಂತ್ರವೊಂದರಲ್ಲಿ ಪುಟದ ಸಾಲುಗಳನ್ನು ಒಂದೊಂದಾಗಿ ನಕಲಿಸಿ ನೋಡಿದ ಬಳಿಕವೇ ಪ್ರಕಟಿಸತಕ್ಕದ್ದು.