ಸಡಿಲ ಕುತ್ತಿಗೆಗೆ ರಾತ್ರಿಯ ಆಸರೆ



ಕಡಲೆಕಾಯಿ ಗಿಡದ ಹೊರೆ, ಹಿಪ್ಪುನೇರಳೆ ಸೊಪ್ಪಿನ ಮೂಟೆ, ನೀರಿನ ಕೊಡ, ಇವೆಲ್ಲವನ್ನೂ ನಮ್ಮ ಮಡಕಶಿರಾ, ರಾಯದುರ್ಗ ಸೀಮೆಯಲ್ಲಿ ತಲೆಯ ಮೇಲೆ ಹೊತ್ತೇ ಅಭ್ಯಾಸ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ದಿನವಿಡೀ ತಲೆ ಬಗ್ಗಿಸಿ ಕೂರುತ್ತಾರೆ. ದುಡಿದ ಕುತ್ತಿಗೆ ನೋಯುವುದು ಸಹಜ. ಆದರೆ ಕೆಲವರಿಗೆ ನೋವಿನ ಜೊತೆಗೆ ತಲೆಯೇ ನಿಲ್ಲುತ್ತಿಲ್ಲ, ಕೈಯಿಂದ ಹಿಡಿದುಕೊಳ್ಳಬೇಕು ಎನಿಸುತ್ತದೆ. ಇದಕ್ಕೆ ಕಾರಣವೇನು?

ಕುತ್ತಿಗೆಯ 7 ಮೂಳೆಗಳು ಸುಮಾರು 5 ಕಿಲೋ ತೂಕದ ತಲೆಯನ್ನು ಹೊರುತ್ತವೆ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವುದು ಕಟ್ಟುನಾರು. ಚಪ್ಪರದ ಹಗ್ಗ ಸಡಿಲವಾದರೆ ಕಂಬ ಅಲುಗಾಡುವುದಿಲ್ಲವೇ? ಹಾಗೆಯೇ ಇದೂ. ಹುಣಸೆ ಮರದಿಂದ ಬಿದ್ದ ಹಳೆಯ ಪೆಟ್ಟು, ಬಹುಕಾಲದ ಕೀಲುವಾತ ಈ ನಾರನ್ನು ಸಡಿಲಿಸಬಹುದು. ಆಗ ತಲೆಯನ್ನು ಹಿಡಿದಿಡಲು ಸ್ನಾಯುಗಳು ಎಡೆಬಿಡದೆ ಬಿಗಿದುಕೊಂಡು ದಣಿಯುತ್ತವೆ. ಅವಕ್ಕೆ ನಿಜವಾದ ವಿಶ್ರಾಂತಿ ಸಿಗುವುದು ರಾತ್ರಿ ಮಾತ್ರ.

ಮಲಗುವ ಕ್ರಮ:

1. ಅಂಗಾತ ಮಲಗುವವರು ತೆಳುವಾದ ದಿಂಬು ಬಳಸಿ. ಒಂದು ಟವೆಲನ್ನು ಸುರುಳಿ ಸುತ್ತಿ ಕುತ್ತಿಗೆಯ ಕುಳಿಗೆ ಆಸರೆ ಕೊಡಿ.

2. ಮಗ್ಗುಲಾಗಿ ಮಲಗುವವರ ದಿಂಬು ಭುಜದಷ್ಟು ಎತ್ತರವಿರಲಿ. ಮಡಿಚಿದ ಕಂಬಳಿಯೂ ಆದೀತು. ಮೂಗು ಎದೆಯ ನಡುವಿಗೆ ನೇರವಾಗಿರಬೇಕು.

3. ಬೋರಲು ಮಲಗಬೇಡಿ.

4. ಏಳುವಾಗ ತಲೆಯನ್ನು ಮೊದಲು ಎತ್ತಬೇಡಿ. ಇಡೀ ಮೈಯನ್ನು ಮಗ್ಗುಲಿಗೆ ಹೊರಳಿಸಿ, ಕೈಯೂರಿ ಏಳಿ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖವನ್ನು 15 ನಿಮಿಷ ಕೊಡಬಹುದು. ವೈದ್ಯರು ಒಪ್ಪಿದರೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ 5 ಸೆಕೆಂಡು ತಡೆದು ಬಿಡಿ. ಹೀಗೆ 5 ಸಲ ಮಾಡಿ. ಕಾಲರ್ ಪಟ್ಟಿಯನ್ನು ನೀವಾಗಿಯೇ ತಿಂಗಳುಗಟ್ಟಲೆ ಕಟ್ಟಿಕೊಳ್ಳಬೇಡಿ, ಸ್ನಾಯು ಇನ್ನೂ ಬಲಗುಂದುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕ್ಷೌರದ ಅಂಗಡಿಯಲ್ಲಾಗಲಿ, ನಾಟಿ ಕೈಯಲ್ಲಾಗಲಿ ಕುತ್ತಿಗೆ ತಿರುಚಿ ನೆಟಿಗೆ ತೆಗೆಸಬೇಡಿ. ಸಡಿಲವಾದ ಮೂಳೆ ಜಾರಿದರೆ ಒಳಗಿನ ನರಹುರಿ ಜಜ್ಜಿ ಕೈಕಾಲು ಬಿದ್ದುಹೋಗಬಹುದು. ಅನಂತಪುರ ಸೀಮೆಯ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅತಿಯಾದ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಇದೇ ಕಟ್ಟುನಾರು ಕಲ್ಲಿನಂತಾಗಿ ನರಹುರಿಯ ದಾರಿ ಕಿರಿದಾಗುತ್ತದೆ. ಅವರಿಗೂ ಈ ತಿರುಚುವಿಕೆ ಅಪಾಯವೇ. ನೋವು ಸಡಿಲದ್ದೋ ಬಿಗಿತದ್ದೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ವೈದ್ಯರ ಪರೀಕ್ಷೆ, ಎಕ್ಸ್-ರೇ ಬೇಕು.

ಕೈ ಜೋಮು ಹಿಡಿಯುವುದು, ಹಿಡಿದ ಲೋಟ ಜಾರುವುದು, ನಡೆಯುವಾಗ ತೂರಾಡುವುದು, ಮೂತ್ರ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಬಳ್ಳಾರಿ, ಅನಂತಪುರ ಇಲ್ಲವೇ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ.

ಇಂಥ ಕುತ್ತಿಗೆಯವರು ತಲೆಹೊರೆ ಬಿಡಲೇಬೇಕು. ಹೊರೆಯನ್ನು ಗಾಡಿಗೆ ಹಾಕಿ, ಕೊಡದ ನೀರನ್ನು ಎರಡು ಚಿಕ್ಕ ಬಿಂದಿಗೆಗೆ ಹಂಚಿ. ಎರಡು ಸಲ ನಡೆದರೂ ಚಿಂತೆಯಿಲ್ಲ, ಕುತ್ತಿಗೆ ಉಳಿಯಲಿ.